ಹೋಟೆಲಿನಲ್ಲಿ ಎಷ್ಟು ಮಂದಿ ಕೂರಬಹುದು?

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಪೇಟೆಯ ಯಾವುದಾದರೊಂದು ಜನಪ್ರಿಯ ಹೋಟೆಲನ್ನು ಹೊಕ್ಕು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬಾಗಿಲ ಬಳಿ ಹತ್ತು ಹನ್ನೆರಡು ಮಂದಿ ಜಾಗಕ್ಕಾಗಿ ಕಾದು ನಿಂತಿರುತ್ತಾರೆ. ಒಳಗಾದರೋ ಅಲ್ಲೊಂದು ಇಲ್ಲೆರಡು ಕುರ್ಚಿಗಳು ಖಾಲಿಯಾಗಿಯೇ ಇರುತ್ತವೆ. ಸಾಲನ್ನು ಕಂಡ ಮಾಲೀಕನು ಇನ್ನು ಕೆಲವು ಮೇಜುಗಳನ್ನು ತರಿಸಿ ಹಾಕುತ್ತಾನೆ. ಆಗ ಬಡಿಸುವವರಿಗೆ ಓಡಾಡಲು ಎಡೆಯಿಲ್ಲದೆ ಊಟ ಬರುವುದು ತಡವಾಗುತ್ತದೆ. ಕೂತವರು ಏಳುವುದೂ ತಡವಾಗುತ್ತದೆ. ಬಾಗಿಲ ಬಳಿಯ ಸಾಲು ಮಾತ್ರ ಇದ್ದಷ್ಟೇ ಇರುತ್ತದೆ. ಕುರ್ಚಿಗಳು ಹೆಚ್ಚಿದುವು, ಉಂಡವರ ಸಂಖ್ಯೆ ಹೆಚ್ಚಲಿಲ್ಲ!

ಹೀಗೇಕಾಗುತ್ತದೆ? ಮೇಜು ಕುರ್ಚಿಗಳನ್ನು ಜೋಡಿಸುವುದು ಬಡಗಿಗೋ ಅಲಂಕಾರ ಬಲ್ಲವರಿಗೋ ಸೇರಿದ ಕೆಲಸವೆಂದು ನಾವು ಭಾವಿಸುವುದುಂಟು. ಆದರೆ ಹೋಟೆಲಿನ ಕೋಣೆಯೂ ಜನರು ಹರಿದು ಬಂದು, ಸ್ವಲ್ಪ ಕಾಲ ತಂಗಿ, ಹರಿದು ಹೋಗುವ ಒಂದು ವ್ಯವಸ್ಥೆ. ರೇಖಾಗಣಿತ, ಬಲವಿಜ್ಞಾನ, ಧ್ವನಿಶಾಸ್ತ್ರ, ಸಂಭವನೀಯತೆ ಇವೆಲ್ಲವೂ ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಪ್ರೌಢಶಾಲೆಯ ಗಣಿತ ಬಲ್ಲವರು ಈ ವ್ಯವಸ್ಥೆಯನ್ನು ತಾವೇ ಲೆಕ್ಕಹಾಕಿ ನೋಡಬಹುದು.

ಪಂಕ್ತಿಯ ಪಾಠ

ಮೇಜು ಕುರ್ಚಿಗಳು ಬರುವ ಮೊದಲೇ ನಮ್ಮಲ್ಲಿ ಊಟದ ಜೋಡಣೆಯ ಒಂದು ಕ್ರಮವಿತ್ತು. ಅದೇ ಪಂಕ್ತಿ. ಎರಡು ಸಾಲುಗಳು ಎದುರುಬದುರಾಗಿ ಕೂರುತ್ತವೆ. ನಡುವೆ ಬಡಿಸುವವರ ಹಾದಿ. ಉಂಡವರು ಎಲೆಯನ್ನು ದಾಟದೆ ಬೆನ್ನಿನ ಕಡೆಯಿಂದ ಎದ್ದು ಹೋಗುತ್ತಾರೆ. ಅನ್ನ ಬರುವ ಹಾದಿ ಬೇರೆ, ಜನ ಏಳುವ ಹಾದಿ ಬೇರೆ. ಇವೆರಡೂ ಒಂದನ್ನೊಂದು ಅಡ್ಡಹಾಯದಿರುವುದೇ ಒಳ್ಳೆಯ ಜೋಡಣೆಯ ಮೊದಲ ಲಕ್ಷಣ.

ಆದರೆ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಒಟ್ಟಿಗೆ ಏಳುತ್ತಾರೆ. ಹೋಟೆಲಿನಲ್ಲಿ ಹಾಗಲ್ಲ. ಯಾರು ಯಾವಾಗ ಬರುವರೋ, ಒಬ್ಬರೇ ಬರುವರೋ ನಾಲ್ವರು ಬರುವರೋ ಯಾರೂ ಹೇಳಲಾರರು. ಈ ಅನಿಶ್ಚಿತತೆಯೇ ಹೋಟೆಲಿನ ಲೆಕ್ಕವನ್ನು ಕಠಿಣವಾಗಿಯೂ ಸ್ವಾರಸ್ಯವಾಗಿಯೂ ಮಾಡುತ್ತದೆ.

ಮನುಷ್ಯನೇ ಅಳತೆಗೋಲು

ಮೊದಲು ಒಬ್ಬ ಮನುಷ್ಯನಿಗೆ ಬೇಕಾದ ಜಾಗವನ್ನು ಗೊತ್ತುಮಾಡಿಕೊಳ್ಳೋಣ. ಸಾಮಾನ್ಯವಾದ ಕುರ್ಚಿಯ ಆಸನ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮೇಜಿನ ಮೇಲ್ಮೈ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ. ಇವೆರಡರ ನಡುವಣ 30 ಸೆಂಟಿಮೀಟರ್ ಅಂತರ ಕಡಿಮೆಯಾದರೆ ತೊಡೆ ಮೇಜಿಗೆ ತಾಗುತ್ತದೆ. ಹೆಚ್ಚಾದರೆ ತುತ್ತೆತ್ತಲು ಮೊಣಕೈಯನ್ನು ಮೇಲಕ್ಕೆ ಎತ್ತಬೇಕಾಗುತ್ತದೆ. ಭುಜದ ಅಗಲ 45 ಸೆಂಟಿಮೀಟರ್‌ನಷ್ಟಿದ್ದರೂ ಉಣ್ಣುವಾಗ ಮೊಣಕೈ ಹೊರಚಾಚುವುದರಿಂದ ಒಬ್ಬನಿಗೆ ಮೇಜಿನ ಅಂಚಿನಲ್ಲಿ 60 ಸೆಂಟಿಮೀಟರ್ ಬೇಕು. ಹೀಗೆ ಎದುರುಬದುರು ಇಬ್ಬಿಬ್ಬರು ಕೂರುವ ಮೇಜಿಗೆ 120 ಸೆಂಟಿಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ ಸಾಕು.

ಮೇಜಿನ ಅಂಚಿನಿಂದ ಕೂತವನ ಬೆನ್ನಿನವರೆಗೆ ಸುಮಾರು 45 ಸೆಂಟಿಮೀಟರ್. ಆದರೆ ಅವನು ಏಳಬೇಕಾದರೆ ಕುರ್ಚಿಯನ್ನು ಇನ್ನೂ 30 ಸೆಂಟಿಮೀಟರ್‌ನಷ್ಟು ಹಿಂದಕ್ಕೆ ಸರಿಸಬೇಕು. ನಕ್ಷೆ ಬರೆಯುವವರು ಹಲವು ವೇಳೆ ಮರೆಯುವುದು ಈ 30 ಸೆಂಟಿಮೀಟರನ್ನೇ. ಕುರ್ಚಿಯು ನಕ್ಷೆಯಲ್ಲಿ ನಿಶ್ಚಲವಾಗಿರುತ್ತದೆ. ಕೋಣೆಯಲ್ಲಿ ಅದು ಚಲಿಸುವ ವಸ್ತು.

ನೆಲದ ಹಂಚಿಕೆ

ಈಗ 12 ಮೀಟರ್ ಉದ್ದ, 8 ಮೀಟರ್ ಅಗಲದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಅದರ ವಿಸ್ತೀರ್ಣ 96 ಚದರ ಮೀಟರ್. ಉದ್ದದ ಗೋಡೆಗೆ ಸಮಾಂತರವಾಗಿ ಮೂರು ಸಾಲು ಮೇಜುಗಳನ್ನು ಹಾಕೋಣ. ಮೇಜು ಮತ್ತು ಅದರ ಎರಡು ಬದಿಯ ಕುರ್ಚಿಗಳು ಸೇರಿ ಒಂದು ಸಾಲಿನ ಅಗಲ 165 ಸೆಂಟಿಮೀಟರ್. ಮೂರು ಸಾಲಿಗೆ 495. ಸಾಲುಗಳ ನಡುವೆ 90 ಸೆಂಟಿಮೀಟರ್‌ನ ಎರಡು ಓಣಿಗಳು. ಉಳಿದ 125 ಸೆಂಟಿಮೀಟರ್ ಒಂದು ಬದಿಯ ಮುಖ್ಯ ಹಾದಿ. ಒಟ್ಟು 8 ಮೀಟರ್ ಸರಿಹೋಯಿತು. ಉದ್ದದ ದಿಕ್ಕಿನಲ್ಲಿ ಸಾಲಿಗೆ ಆರು ಮೇಜುಗಳು, ಒಂದೊಂದರ ನಡುವೆ 60 ಸೆಂಟಿಮೀಟರ್ ಸಂದು, ಇದಕ್ಕೆ 10.2 ಮೀಟರ್ ಬೇಕು. ಬಾಗಿಲ ಕಡೆ ಉಳಿದ 1.8 ಮೀಟರ್ ಗಲ್ಲಾಪೆಟ್ಟಿಗೆಗೂ ಕಾಯುವವರಿಗೂ ಮೀಸಲು. ಗೋಡೆಗೆ ತಾಗಿದ ಕುರ್ಚಿಗಳು ಹಿಂದಕ್ಕೆ ಸರಿಯಲಾರವಾದ್ದರಿಂದ ಅಲ್ಲಿ ಬೆಂಚನ್ನು ಹಾಕಿದರೆ, ಕೂತವರು ಪಕ್ಕಕ್ಕೆ ಸರಿದು ಸಂದಿನ ಮೂಲಕ ಹೊರಬರುತ್ತಾರೆ. ಒಟ್ಟು 18 ಮೇಜುಗಳು, 72 ಆಸನಗಳು.

ಈ ಕೋಣೆಯಲ್ಲಿ ಮೇಜುಗಳೂ ಕೂತವರೂ ಆಕ್ರಮಿಸಿದ ನೆಲವೆಷ್ಟು? ಲೆಕ್ಕ ಹಾಕಿದರೆ ಸುಮಾರು 36 ಚದರ ಮೀಟರ್ ಮಾತ್ರ ಬರುತ್ತದೆ. ಉಳಿದ 60 ಚದರ ಮೀಟರ್ ಖಾಲಿ! ಮಾಲೀಕನ ಕಣ್ಣು ಅದರ ಮೇಲೆ ಬೀಳುವುದು ಸಹಜವೇ. ಸಂದುಗಳನ್ನೆಲ್ಲ ತೆಗೆದು ಮೇಜುಗಳನ್ನು ಒತ್ತಾಗಿ ಜೋಡಿಸಿದರೆ ಸಾಲಿಗೆ ಎಂಟರಂತೆ 24 ಮೇಜು, 96 ಆಸನಗಳಾಗುತ್ತವೆ. ಒಮ್ಮೆಗೇ ಮೂರರಲ್ಲೊಂದು ಭಾಗದಷ್ಟು ಹೆಚ್ಚಳ.

ಇದರ ಪರಿಣಾಮವನ್ನು ನೋಡಿ. ಗೋಡೆಯ ಬದಿಯ ಬೆಂಚಿನ ಮೇಲೆ ಈಗ ಹದಿನಾರು ಮಂದಿ ಸಾಲಾಗಿ ಕೂತಿದ್ದಾರೆ. ನಡುವೆ ಕೂತವನು ಹೊರಬರಬೇಕಾದರೆ ಏಳು ಮಂದಿಯನ್ನು ಎಬ್ಬಿಸಬೇಕು. ಓಣಿಯ ಸ್ಥಿತಿಯೂ ಕೆಟ್ಟಿತು. 90 ಸೆಂಟಿಮೀಟರ್ ಓಣಿಯಲ್ಲಿ ಒಂದು ಕುರ್ಚಿ ಹಿಂದೆ ಸರಿದರೆ 60 ಉಳಿಯುತ್ತದೆ. ತಟ್ಟೆ ಹಿಡಿದ ಸಪ್ಲೈಯರ್ ದಾಟಬಲ್ಲ. ಬೆನ್ನಿಗೆ ಬೆನ್ನಾದ ಎರಡು ಕುರ್ಚಿಗಳೂ ಸರಿದರೆ ಉಳಿಯುವುದು 30, ಹಾದಿ ಮುಚ್ಚಿತು. ಮೊದಲಿನ ಜೋಡಣೆಯಲ್ಲಿ ಅವನು ಪಕ್ಕದ ಸಂದಿನಲ್ಲಿ ನುಸುಳಿ ಇನ್ನೊಂದು ಓಣಿಗೆ ಹೋಗುತ್ತಿದ್ದ. ಈಗ 9.6 ಮೀಟರ್ ಉದ್ದದ ಸಾಲನ್ನೇ ಸುತ್ತಬೇಕು, ಇಲ್ಲವೇ ನಿಂತು ಕಾಯಬೇಕು. ಒಂದು ಊರಿಗೆ ಒಂದೇ ದಾರಿ ಇರುವುದಕ್ಕೂ ಹಲವು ದಾರಿಗಳಿರುವುದಕ್ಕೂ ಇರುವ ವ್ಯತ್ಯಾಸವೇ ಇದು.

ನಾಲ್ವರ ಮೇಜಿನಲ್ಲಿ ಇಬ್ಬರು

ಇನ್ನು ಖಾಲಿ ಕುರ್ಚಿಗಳ ರಹಸ್ಯ. ಹೋಟೆಲಿಗೆ ಬರುವ 100 ತಂಡಗಳಲ್ಲಿ 20 ಒಂಟಿಯಾಗಿ ಬಂದವು, 40 ಇಬ್ಬರವು, 20 ಮೂವರವು, 20 ನಾಲ್ವರವು ಎಂದು ಲೆಕ್ಕಕ್ಕಾಗಿ ಊಹಿಸೋಣ. ಒಟ್ಟು 240 ಮಂದಿ. ತಂಡವೊಂದಕ್ಕೆ ಸರಾಸರಿ 2.4. ಪ್ರತಿ ತಂಡವೂ ನಾಲ್ವರ ಮೇಜೊಂದನ್ನು ಹಿಡಿದರೆ, ಎಲ್ಲ ಮೇಜುಗಳೂ ಭರ್ತಿಯಾದಾಗಲೂ ಆಸನಗಳಲ್ಲಿ ನೂರಕ್ಕೆ ಅರುವತ್ತು ಮಾತ್ರ ತುಂಬಿರುತ್ತವೆ. ನಮ್ಮ 18 ಮೇಜುಗಳಲ್ಲಿ ಕೂತವರು 43 ಮಂದಿ. ಉಳಿದ 29 ಕುರ್ಚಿಗಳು ಹೆಸರಿಗೆ ಮಾತ್ರ.

ಈಗ 8 ಮೇಜುಗಳನ್ನು ತೆಗೆದು, ಒಂದೊಂದರ ಬದಲು 60 ಸೆಂಟಿಮೀಟರ್ ಉದ್ದದ ಇಬ್ಬರ ಮೇಜುಗಳನ್ನು ಎರಡೆರಡರಂತೆ, ನಡುವೆ 10 ಸೆಂಟಿಮೀಟರ್ ಬಿಟ್ಟು ಇಡೋಣ. ನಾಲ್ವರ ಮೇಜುಗಳು 10, ಇಬ್ಬರ ಮೇಜುಗಳು 16. ಆಸನಗಳು ಅದೇ 72. ಒಂಟಿಯವರನ್ನೂ ಇಬ್ಬರನ್ನೂ ಚಿಕ್ಕ ಮೇಜಿಗೆ, ಮೂವರನ್ನೂ ನಾಲ್ವರನ್ನೂ ದೊಡ್ಡ ಮೇಜಿಗೆ ಕಳುಹಿಸಿದರೆ, ದೊಡ್ಡ ಮೇಜುಗಳಲ್ಲಿ 35 ಮಂದಿ, ಚಿಕ್ಕವುಗಳಲ್ಲಿ ಸುಮಾರು 27 ಮಂದಿ, ಒಟ್ಟು 62 ಮಂದಿ ಕೂರುತ್ತಾರೆ. ಒಂದು ಕುರ್ಚಿಯನ್ನೂ ಹೆಚ್ಚಿಸದೆ 19 ಮಂದಿಗೆ ಜಾಗ ದೊರೆಯಿತು. ಆರೇಳು ಮಂದಿಯ ಕುಟುಂಬ ಬಂದರೆ ಚಿಕ್ಕ ಮೇಜುಗಳನ್ನು ಕೂಡಿಸಿಕೊಳ್ಳುವ ಅನುಕೂಲವೂ ಉಂಟು.

ನಮ್ಮ ಹಳೆಯ ಉಡುಪಿ ಹೋಟೆಲುಗಳು ಇದೇ ಸಮಸ್ಯೆಗೆ ಬೇರೊಂದು ಪರಿಹಾರವನ್ನು ಕಂಡುಕೊಂಡಿದ್ದುವು. ಅಪರಿಚಿತರು “ಇಲ್ಲಿ ಯಾರಾದರೂ ಬರುತ್ತಾರೆಯೇ?” ಎಂದು ಕೇಳಿ ಎದುರಿಗೆ ಕೂರುವ ರೂಢಿಯೇ ಆ ಪರಿಹಾರ. ಮೇಜು ಹಂಚಿಕೊಳ್ಳಲು ಸಂಕೋಚಪಡದ ಸಮಾಜದಲ್ಲಿ ದೊಡ್ಡ ಮೇಜೂ ನಷ್ಟವಲ್ಲ.

ಕಾಲವೂ ಒಂದು ಆಯಾಮ

ಆಸನವೆಂದರೆ ಬರಿಯ ಜಾಗವಲ್ಲ. ಜಾಗ ಮತ್ತು ಕಾಲ ಎರಡರ ಗುಣಲಬ್ಧ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬವರು ಸರಳವಾದ ಒಂದು ನಿಯಮವನ್ನು ಸಾಧಿಸಿ ತೋರಿಸಿದರು. ಒಂದು ವ್ಯವಸ್ಥೆಯ ಒಳಗೆ ಇರುವವರ ಸರಾಸರಿ ಸಂಖ್ಯೆಯು, ಗಂಟೆಗೆ ಒಳಬರುವವರ ಸಂಖ್ಯೆಯನ್ನು ಅವರು ತಂಗುವ ಸರಾಸರಿ ಕಾಲದಿಂದ ಗುಣಿಸಿದಷ್ಟು ಇರುತ್ತದೆ. ಬರುವಿಕೆ ಕ್ರಮಬದ್ಧವಾಗಿರಲಿ, ಅಡ್ಡಾದಿಡ್ಡಿಯಾಗಿರಲಿ, ದೀರ್ಘಕಾಲದ ಸರಾಸರಿಯಲ್ಲಿ ನಿಯಮವು ನಿಲ್ಲುತ್ತದೆ.

ಈ ನಿಯಮದಿಂದ ನಮ್ಮ ಮೊದಲ ವಿಚಿತ್ರವನ್ನು ಬಿಡಿಸೋಣ. ಮೊದಲ ಜೋಡಣೆಯಲ್ಲಿ ನಾಲ್ವರ ಮೇಜುಗಳು 18, ಕೂತವರು 43. ಒಬ್ಬೊಬ್ಬರು ಅರ್ಧ ಗಂಟೆ ತಂಗಿದರೆ ಗಂಟೆಗೆ 86 ಮಂದಿ ಉಂಡು ಹೋಗುತ್ತಾರೆ. ಒತ್ತಾದ ಜೋಡಣೆಯಲ್ಲಿ 24 ಮೇಜುಗಳು, ಕೂತವರು 57 ಅಥವಾ 58. ಆದರೆ ಬಡಿಸುವುದೂ ಏಳುವುದೂ ತಡವಾಗಿ ತಂಗುವ ಕಾಲ 40 ನಿಮಿಷಕ್ಕೆ ಏರಿತೆನ್ನಿ. 57.6ನ್ನು ಮೂರನೆಯ ಎರಡು ಗಂಟೆಯಿಂದ ಭಾಗಿಸಿದರೆ ಮತ್ತೆ 86! ಆರು ಮೇಜುಗಳ ಬೆಲೆ, ಬಡಿಸುವವರ ಬೆವರು, ಉಣ್ಣುವವರ ನೆಮ್ಮದಿ ಎಲ್ಲವೂ ವ್ಯರ್ಥವಾಯಿತು. ಅದೇ ಕೋಣೆಯಲ್ಲಿ ದೊಡ್ಡ ಚಿಕ್ಕ ಮೇಜುಗಳ ಮಿಶ್ರ ಜೋಡಣೆಯು 62 ಮಂದಿಯನ್ನು ಅರ್ಧ ಗಂಟೆಯಂತೆ ಕೂರಿಸಿ ಗಂಟೆಗೆ 124 ಮಂದಿಗೆ ಉಣಬಡಿಸುತ್ತದೆ.

ಕಾಲವನ್ನು ಕುಗ್ಗಿಸುವ ಮಾರ್ಗವನ್ನು ಕೊನೆಯವರೆಗೂ ಕೊಂಡೊಯ್ದ ಪ್ರಯೋಗವೊಂದು ಕರ್ನಾಟಕದಲ್ಲಿಯೇ ನಡೆಯಿತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯು ಕುರ್ಚಿಗಳನ್ನೇ ಬಿಟ್ಟುಬಿಟ್ಟಿತು. ಮೊದಲೇ ಹಣ ಕೊಟ್ಟು ಚೀಟಿ ಪಡೆಯುವುದು, ತಟ್ಟೆಯನ್ನು ತಾನೇ ತರುವುದು, ಎತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಬಡಿಸುವವರ ಓಣಿ, ಕುರ್ಚಿ ಸರಿಯುವ ಜಾಗ, ಬಿಲ್ಲಿಗಾಗಿ ಕಾಯುವ ಹೊತ್ತು ಮೂರೂ ಒಮ್ಮೆಗೇ ಮಾಯವಾದುವು. 60 ಮಂದಿ ನಿಂತು ತಲಾ 12 ನಿಮಿಷದಲ್ಲಿ ತಿಂಡಿ ಮುಗಿಸಿದರೆ ಗಂಟೆಗೆ 300 ಮಂದಿಯಾಯಿತು. ದರ್ಶಿನಿಗಳು ಊರೆಲ್ಲ ಹಬ್ಬಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಿಲ್ಲಲಾರದ ಮುದುಕರಿಗೆ, ಮಗುವನ್ನೆತ್ತಿಕೊಂಡ ತಾಯಿಗೆ ಅಲ್ಲಿಯೂ ನಾಲ್ಕು ಕುರ್ಚಿಗಳು ಬೇಕೇ ಬೇಕು.

ಕೈತೊಳೆಯುವ ತೊಟ್ಟಿ

ಕೈಯಿಂದ ಉಣ್ಣುವ ನಮ್ಮ ನಾಡಿನಲ್ಲಿ ನಕ್ಷೆಯ ಅತಿ ಮುಖ್ಯ ಬಿಂದುವೆಂದರೆ ಕೈತೊಳೆಯುವ ತೊಟ್ಟಿ. ಇಲ್ಲಿ ಸರದಿಯ ಗಣಿತವು ಬರುತ್ತದೆ. ಇದಕ್ಕೆ ಅಡಿಪಾಯ ಹಾಕಿದವನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್. ಅವನ ಮೊದಲ ಪ್ರಬಂಧ ಹೊರಬಂದುದು 1909ರಲ್ಲಿ.

ಒಬ್ಬನು ಕೈತೊಳೆಯಲು ಸರಾಸರಿ 20 ಸೆಕೆಂಡು ತೆಗೆದುಕೊಳ್ಳುವನೆನ್ನೋಣ. ಊಟಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ. ಗಂಟೆಗೆ 60 ಮಂದಿ ಉಂಡರೆ 120 ಸಲ ತೊಟ್ಟಿ ಬಳಕೆಯಾಗುತ್ತದೆ. ಗಂಟೆಯ 3600 ಸೆಕೆಂಡುಗಳಲ್ಲಿ 2400, ಅಂದರೆ ಮೂರನೆಯ ಎರಡು ಭಾಗ, ಅದು ಕೆಲಸದಲ್ಲಿರುತ್ತದೆ. ಇದನ್ನು ತೊಟ್ಟಿಯ ಭಾರವೆಂದು ಕರೆಯೋಣ. ಬರುವಿಕೆಯೂ ತೊಳೆಯುವ ಕಾಲವೂ ಯಾದೃಚ್ಛಿಕವಾಗಿದ್ದರೆ, ತೊಟ್ಟಿಯ ಬಳಿ ಇರುವವರ ಸರಾಸರಿ ಸಂಖ್ಯೆಯು ಭಾರವನ್ನು, ಒಂದರಿಂದ ಭಾರವನ್ನು ಕಳೆದ ಶೇಷದಿಂದ ಭಾಗಿಸಿದಷ್ಟು. ಇಲ್ಲಿ ಅದು 2. ಉಣ್ಣುವವರು 80 ಆದರೆ ಭಾರ ಒಂಬತ್ತನೆಯ ಎಂಟು ಭಾಗ. ತೊಟ್ಟಿಯ ಬಳಿ ಇರುವವರು 8! ಜನ ಮೂರರಲ್ಲೊಂದು ಭಾಗ ಹೆಚ್ಚಿದರೆ ಗುಂಪು ನಾಲ್ಕು ಪಟ್ಟಾಯಿತು. ಗಂಟೆಗೆ 124 ಮಂದಿ ಉಣ್ಣುವ ನಮ್ಮ ಕೋಣೆಗೆ ಒಂದು ತೊಟ್ಟಿ ಸಾಲುವುದೇ ಇಲ್ಲ; ಎರಡಾದರೂ ಬೇಕು, ಮೂರಿದ್ದರೆ ಲೇಸು. ಅವು ಅಡುಗೆಮನೆಯ ಬಾಗಿಲ ಪಕ್ಕದಲ್ಲಿದ್ದರೆ, ಬಿಸಿ ಸಾಂಬಾರು ತರುವವನ ಹಾದಿಯಲ್ಲಿಯೇ ಆ ಗುಂಪು ನಿಂತಿರುತ್ತದೆ.

ಮೇಜು ಉರುಳದಂತೆ

ಕಾಲಿಗೆ ಅಡ್ಡವಾಗದಿರಲೆಂದು ಹಲವು ಹೋಟೆಲುಗಳಲ್ಲಿ ನಡುವೆ ಒಂದೇ ಕಂಬವಿರುವ ಮೇಜನ್ನು ಬಳಸುತ್ತಾರೆ. ಇಲ್ಲಿ ಸನ್ನೆಕೋಲಿನ ನಿಯಮ ಅನ್ವಯಿಸುತ್ತದೆ. 75 ಸೆಂಟಿಮೀಟರ್ ಚೌಕದ ಮೇಜಿನ ತೂಕ 20 ಕಿಲೋಗ್ರಾಮ್, ತಳಪಾದದ ಅಗಲ 50 ಸೆಂಟಿಮೀಟರ್ ಇರಲಿ. ಪಾದದ ಅಂಚೇ ಆಧಾರಬಿಂದು. ಅಲ್ಲಿಂದ ಗುರುತ್ವ ಕೇಂದ್ರಕ್ಕೆ 25 ಸೆಂಟಿಮೀಟರ್, ಮೇಜಿನ ಹೊರ ಅಂಚಿಗೆ 12.5 ಸೆಂಟಿಮೀಟರ್. ಅಂಚಿನ ಮೇಲೆ 40 ಕಿಲೋಗ್ರಾಮ್ ಭಾರ ಬಿದ್ದರೆ ಮಾತ್ರ ಮೇಜು ಮಗುಚುತ್ತದೆ. ಪಾದವನ್ನು 40 ಸೆಂಟಿಮೀಟರಿಗೆ ಇಳಿಸಿದರೆ 23 ಕಿಲೋಗ್ರಾಮ್ ಸಾಕು. ವಯಸ್ಸಾದವರು ಅಂಚಿಗೆ ಕೈಯೂರಿ ಏಳುವಾಗ ಇಷ್ಟು ಭಾರ ಸುಲಭವಾಗಿ ಬೀಳುತ್ತದೆ. ಪ್ರತಿ ಬದಿಯಲ್ಲಿ ಉಳಿಸಿದ 5 ಸೆಂಟಿಮೀಟರ್ ಕಬ್ಬಿಣ ಎಷ್ಟು ದುಬಾರಿ ನೋಡಿ!

ಗದ್ದಲದ ಲೆಕ್ಕ

ಕೋಣೆಯ ಸದ್ದು ಕೂಡ ಪೀಠೋಪಕರಣಗಳಿಗೆ ಸಂಬಂಧಿಸಿದ ವಿಷಯವೇ. ಇದನ್ನು ಮೊದಲು ಅಳೆದವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸ್ಯಾಬಿನ್. ಮಾತು ಕೇಳಿಸದಷ್ಟು ಅನುರಣಿಸುತ್ತಿದ್ದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವನ ಪಾಲಿಗೆ ಬಂತು. ಅವನು ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತಂದು ಕೋಣೆಯಲ್ಲಿರಿಸಿ, ಆರ್ಗನ್ ಕೊಳವೆಯ ನಾದವು ಅಡಗಲು ಹಿಡಿಯುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಂತೆ ಕಾಲ ಕುಗ್ಗಿತು. ಅದರಿಂದ ದೊರೆತ ಸೂತ್ರ: ಅನುರಣನ ಕಾಲವು ಕೋಣೆಯ ಘನಗಾತ್ರದ 0.161ರಷ್ಟನ್ನು ಒಟ್ಟು ಹೀರಿಕೆಯಿಂದ ಭಾಗಿಸಿದುದಕ್ಕೆ ಸಮ.

ನಮ್ಮ ಕೋಣೆಯ ಎತ್ತರ 3.5 ಮೀಟರ್ ಆದರೆ ಘನಗಾತ್ರ 336 ಘನ ಮೀಟರ್. ನುಣುಪಾದ ಕಲ್ಲು, ಗಾರೆಗಳು ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರರಷ್ಟನ್ನು ಮಾತ್ರ ಹೀರುವುವೆಂದು ಇಟ್ಟುಕೊಂಡರೆ ಬರಿದಾದ ಕೋಣೆಯ ಹೀರಿಕೆ 10 ಘಟಕ. ಅನುರಣನ ಕಾಲ 5 ಸೆಕೆಂಡನ್ನು ಮೀರುತ್ತದೆ. 60 ಮಂದಿಯ ಉಡುಪೂ ಮೈಯೂ ಇನ್ನು 24 ಘಟಕ ಹೀರಿದರೆ ಅದು 1.6 ಸೆಕೆಂಡಿಗೆ ಇಳಿಯುತ್ತದೆ. ಬಿದ್ದ ಧ್ವನಿಯಲ್ಲಿ ನೂರಕ್ಕೆ ಅರುವತ್ತನ್ನು ಹೀರುವ ಹಲಗೆಗಳನ್ನು ಚಾವಣಿಗೆ ಹೊದಿಸಿದರೆ 0.6 ಸೆಕೆಂಡಾಗುತ್ತದೆ, ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಇಲ್ಲದಿದ್ದರೆ ಗದ್ದಲವು ಗದ್ದಲವನ್ನು ಬೆಳೆಸುತ್ತದೆ. ಸುತ್ತಲ ಸದ್ದು ಏರಿದಂತೆ ಮನುಷ್ಯನು ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ವಿವರಿಸಿದನು. ಇಂಥ ಕೋಣೆಯಲ್ಲಿ ಊಟ ಮಾಡುವವನು ಅರ್ಧ ಗಂಟೆಯಲ್ಲಿ ಪಾರಾಗುತ್ತಾನೆ. ಬಡಿಸುವವನು ದಿನವೆಲ್ಲ ಅಲ್ಲಿಯೇ ಇರಬೇಕು.

ಖಾಲಿ ಜಾಗ ಯಾರಿಗೆ ಸೇರಿದ್ದು?

ಇದುವರೆಗೆ ನಷ್ಟವೆಂದರೆ ಹಣದ, ಕಾಲದ ನಷ್ಟ. ಖಾಲಿ ಜಾಗವನ್ನು ಕಬಳಿಸುವುದರಿಂದ ಪ್ರಾಣವೇ ಹೋದ ಉದಾಹರಣೆಗಳಿವೆ. 1942ರ ನವೆಂಬರ್ 28ರ ರಾತ್ರಿ ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ಭೋಜನ ನೃತ್ಯ ಶಾಲೆಗೆ ಬೆಂಕಿ ಬಿತ್ತು. ಮಿತಿಗಿಂತ ಬಹಳ ಹೆಚ್ಚು ಜನರು ಅಲ್ಲಿ ಕಿಕ್ಕಿರಿದಿದ್ದರು. ಮುಖ್ಯದ್ವಾರದ ತಿರುಗುಬಾಗಿಲು ಜನರ ಒತ್ತಡಕ್ಕೆ ಸಿಕ್ಕಿಕೊಂಡಿತು. ಬೇರೆ ಕೆಲವು ಬಾಗಿಲುಗಳಿಗೆ ಬೀಗ ಹಾಕಿತ್ತು. ಸತ್ತವರು 492 ಮಂದಿ. ನಮ್ಮ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಮಡಿದರು. ಬಾಲ್ಕನಿಯಲ್ಲಿ ಹೆಚ್ಚುವರಿಯಾಗಿ ಸೇರಿಸಿದ್ದ ಆಸನಗಳು ಒಂದು ಬದಿಯ ಹಾದಿಯನ್ನು ಮುಚ್ಚಿದ್ದುವೆಂದು ನ್ಯಾಯಾಲಯದಲ್ಲಿ ಸ್ಥಿರಪಟ್ಟಿತು. ಅಲ್ಲಿಯೂ ಯಾರೋ ಒಬ್ಬರಿಗೆ ಖಾಲಿ ಹಾದಿಯು ವ್ಯರ್ಥವಾದ ನೆಲವಾಗಿ ಕಂಡಿತ್ತು.

ಒಂದು ಮೀಟರ್ ಅಗಲದ ಬಾಗಿಲಿನ ಮೂಲಕ ಸೆಕೆಂಡಿಗೆ ಒಬ್ಬರು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲೆ ಹೊರಹೋಗಬಲ್ಲರು. 72 ಮಂದಿಗೆ ಸುಮಾರು ಒಂದು ನಿಮಿಷ ಬೇಕು. ಅದೂ ಬಾಗಿಲವರೆಗೆ ತಲುಪಲು ಹಾದಿಯಿದ್ದರೆ. ಆದ್ದರಿಂದ ಮುಖ್ಯ ಹಾದಿಯಲ್ಲಿ ಹಬ್ಬದ ದಿನವೂ ಒಂದು ಸ್ಟೂಲನ್ನು ಸಹ ಇಡಬಾರದು. ಎರಡನೆಯ ಬಾಗಿಲಿಗೆ ಗೋಣಿಚೀಲಗಳನ್ನು ಒರಗಿಸಬಾರದು.

ಇದೇ ಖಾಲಿ ಜಾಗಕ್ಕೆ ಮತ್ತೊಬ್ಬ ಹಕ್ಕುದಾರನಿದ್ದಾನೆ. ಗಾಲಿಕುರ್ಚಿಯಲ್ಲಿ ಬರುವವನಿಗೆ 90 ಸೆಂಟಿಮೀಟರ್ ಹಾದಿಯೂ ತಿರುಗಲು 1.5 ಮೀಟರ್ ವ್ಯಾಸದ ವೃತ್ತವೂ ಬೇಕು. ಮಂಡಿ ತೂರಲು ಮೇಜಿನ ಕೆಳಗೆ 70 ಸೆಂಟಿಮೀಟರ್ ತೆರಪು ಬೇಕು. ಸಾರ್ವಜನಿಕ ಸ್ಥಳಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು 2016ರ ಕಾನೂನೂ ವಿಧಿಸುತ್ತದೆ. ಮುಖ್ಯ ಹಾದಿಯ ಪಕ್ಕದ ಒಂದು ಮೇಜಿನಿಂದ ಒಂದು ಕುರ್ಚಿಯನ್ನು ತೆಗೆದಿಟ್ಟರೆ ಈ ಏರ್ಪಾಡಿನ ಬಹುಭಾಗ ಮುಗಿಯುತ್ತದೆ.

ವಿದ್ಯಾರ್ಥಿಗಳು ಇದನ್ನೆಲ್ಲ ಪರೀಕ್ಷಿಸಲು ಹೋಟೆಲಿಗೆ ಹೋಗಬೇಕಾಗಿಲ್ಲ. ಹಾಸ್ಟೆಲಿನ ಊಟದ ಮನೆ ಸಾಕು. ಗ್ರಾಫ್ ಕಾಗದದ ಮೇಲೆ ಮೀಟರಿಗೆ 2 ಸೆಂಟಿಮೀಟರಿನಂತೆ ಕೋಣೆಯ ನಕ್ಷೆಯನ್ನು ಬರೆಯಿರಿ. ಅದೇ ಪ್ರಮಾಣದಲ್ಲಿ ಮೇಜುಗಳನ್ನೂ ಕುರ್ಚಿಗಳನ್ನೂ ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ಕುರ್ಚಿಗಳನ್ನು ಹಿಂದಕ್ಕೆ ಸರಿಸಿದ ಸ್ಥಿತಿಯಲ್ಲಿಯೂ ಇಟ್ಟು ನೋಡಿರಿ. ಒಂದು ಗಂಟೆಯ ಕಾಲ ಗಡಿಯಾರ ಹಿಡಿದು, ಬಂದವರೆಷ್ಟು, ಎಷ್ಟೆಷ್ಟು ಮಂದಿಯ ತಂಡಗಳು, ಎಷ್ಟು ಹೊತ್ತು ತಂಗಿದರು ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಮೇಜುಗಳನ್ನು ಕಾಗದದ ಮೇಲೆಯೇ ಸರಿಸಿ ಸರಿಸಿ ಲೆಕ್ಕ ಹಾಕಿರಿ. ಉತ್ತಮವಾದ ಜೋಡಣೆ ದೊರೆತರೆ ಮೇಲ್ವಿಚಾರಕರಿಗೆ ತೋರಿಸಿರಿ. ರಟ್ಟಿನ ಮೇಜನ್ನು ಸರಿಸಲು ಖರ್ಚಿಲ್ಲ. ಮರದ ಮೇಜನ್ನು ತರಿಸುವ ಮೊದಲು ಯಾವ ಮಾಲೀಕನಾದರೂ ಮಾಡಬಹುದಾದ ಪ್ರಯೋಗವಿದು.